ದೇವಸ್ಥಾನಗಳೂ ಸರಕಾರದ ಕಾಯದೆಯೂ

1956ನೆಯ ಇಸವಿಯ ನವೆಂಬರ 1ನೆಯ ತಾರೀಖಿಗೆ ಕನ್ನಡನಾಡು ಒಂದಾಯಿತೆಂದು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆ ಅಭಿಮಾನವು ಯೋಗ್ಯವಾದುದೇ. ಮುಂಬಯಿ ಇಲಾಖೆಯ ನಾಲ್ಕು ಜಿಲ್ಲೆಗಳೂ, ನಿಜಾಮ ಸೀಮೆಯ ಮೂರು ಜಿಲ್ಲೆಗಳೂ, ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡವೂ, ಕೊಡಗೂ, ಮೈಸೂರೂ ಅಗಲಿದ ಅಣ್ಣತಮ್ಮಂದಿರಂತೆ ಒಂದೇ ಮನೆಗೆ ಬಂದು ಕೂಡಿದ ದಿನವದು. ಅಂದು ಶಾಸನಸಭೆಯು ಒಂದಾಯಿತು, ಹೈಕೋರ್ಟು ಒಂದಾಯಿತು, ಬೊಕ್ಕಸವೂ ಒಂದಾಯಿತು. ಆದರೆ ನಾಡಿನ ದೇವರುಗಳು ಮಾತ್ರ ಒಂದಾಗಲಿಲ್ಲ. ಗೋಕರ್ಣದ ಮಹಾಬಲೇಶ್ವರನು ಮುಂಬಯಿಯ ಕಾಯದೆಯ ಕೆಳಗೆ ಉಳಿದನು. ಕೊಲ್ಲೂರಿನ ಮೂಕಾಂಬಿಕೆಯು ಮದರಾಸಿನ ಕಾಯದೆಯ ಕೆಳಗೆ ಉಳಿದಳು. ನಂಜನಗೂಡಿನ ಶ್ರೀಕಂಠೇಶ್ವರನು ಮೈಸೂರಿನ 1927ರ ಕಾಯದೆಗೆ ಒಳಪಟ್ಟನು. ಕಲಬುರ್ಗಿ, ರಾಯಚೂರು, ಬೀದರ ಸೀಮೆಯ ಗುಡಿಗಳು ಫಸಲಿ 1349ರಲ್ಲಿ ನಿಜಾಮ ಸರಕಾರವು ಮಾಡಿದ ನಿಬಂಧನೆಗಳನ್ನೂ, ಕೊಡಗಿನ ಗುಡಿಗಳು ಅಲ್ಲಿಯ 1956ರ ಕಾಯದೆಯನ್ನೂ ಹೊತ್ತು ನಿಂತವು. ಒಂದು ನಾಡಿಗೆ ಐದು ಕಾಯದೆಗಳು! ಈ ಅವಸ್ಥೆಯು ಮುಗಿದದ್ದು 2003ನೆಯ ಇಸವಿಯ ಮೇ 1ನೆಯ ತಾರೀಖಿಗೆ. ಮನುಷ್ಯರು ಒಂದಾದ ಮೇಲೆ ಅವರ ದೇವರುಗಳು ಒಂದಾಗುವದಕ್ಕೆ ನಾಲ್ವತ್ತಾರು ವರುಷ ಆರು ತಿಂಗಳು ಹಿಡಿದವು.

ಇದನ್ನು ಕೇಳಿ ನಕ್ಕು ಸುಮ್ಮನಾಗುವ ಹಾಗಿಲ್ಲ. ಪ್ರಾಂತಗಳ ಪುನರ್ಘಟನೆಯಾದಾಗ ಹಳೆಯ ಕಾಯದೆಗಳು ಹೊಸ ಕಾಯದೆ ಬರುವ ತನಕ ಆಯಾ ಭಾಗದಲ್ಲಿ ನಡೆಯತಕ್ಕದ್ದೆಂದು 1956ರ ಪುನರ್ಘಟನೆಯ ಕಾಯದೆಯ 119ನೆಯ ಕಲಮು ಹೇಳಿತು. ಆ ದಿನಕ್ಕೆ ಅದು ಬೇಕಾದದ್ದೇ. ಇಲ್ಲದಿದ್ದರೆ ಒಂದೇ ರಾತ್ರಿಯಲ್ಲಿ ನಾಡು ಅರಾಜಕವಾಗುತ್ತಿತ್ತು. ಆದರೆ ಮಳೆಗಾಲಕ್ಕೆಂದು ಹಾಕಿದ ಚಪ್ಪರದಲ್ಲಿ ಮೂರು ತಲೆಮಾರು ಸಂಸಾರ ಮಾಡಿದರೆ ಅದಕ್ಕೆ ಏನೆನ್ನಬೇಕು? ಮದರಾಸಿನವರು ತಮ್ಮ 1951ರ ಕಾಯದೆಯು ಸಾಲದೆಂದು ಕಂಡು 1959ರಲ್ಲಿಯೇ ಅದನ್ನು ತೆಗೆದುಹಾಕಿ ಹೊಸದನ್ನು ಮಾಡಿಕೊಂಡರು. ಅವರು ಬಿಸುಟ ಆ ಹಳೆಯ ಅಂಗಿಯನ್ನು ಮಂಗಳೂರು ಉಡುಪಿಗಳ ಕನ್ನಡಿಗರು ತಮ್ಮದಲ್ಲದ ಮನೆಯ ಉಡುಗೊರೆಯಂತೆ 2003ರ ವರೆಗೆ ತೊಟ್ಟುಕೊಂಡಿದ್ದರು. ನಮ್ಮಿಂದ ಅಗಲಿ ಕೇರಳಕ್ಕೆ ಹೋದ ಕಾಸರಗೋಡಿನ ಕಥೆಯಂತೂ ಬೇರೆಯೇ. ಅಲ್ಲಿ ಅದೇ 1951ರ ಕಾಯದೆಯನ್ನೇ ತಿದ್ದಿ 2008ರಲ್ಲಿ ಮಲಬಾರ ದೇವಸ್ವಂ ಮಂಡಳಿಯನ್ನು ಸ್ಥಾಪಿಸಲಾಯಿತು.

ಐದು ಕಾಯದೆಗಳೆಂದರೆ ಬರಿಯ ಐದು ಪುಸ್ತಕಗಳಲ್ಲ. ಐದು ಬಗೆಯ ನ್ಯಾಯ. ಮೈಸೂರಿನಲ್ಲಿ ಮುಜರಾಯಿ ಖಾತೆಯ ಮೂಲಕ ಸರಕಾರವೇ ಗುಡಿಯ ಯಜಮಾನನಂತಿದ್ದಿತು. ಮುಂಬಯಿಯ 1950ರ ಕಾಯದೆಯು ಸರ್ವಧರ್ಮಗಳ ಸಾರ್ವಜನಿಕ ದತ್ತಿಗಳನ್ನೂ ದಾಖಲೆಗೆ ತಂದು ಲೆಕ್ಕ ತಪಾಸಣೆ ಮಾಡಿಸುವದನ್ನೇ ಮುಖ್ಯ ಕಾರ್ಯವೆಂದು ಎಣಿಸಿತು. ಮದರಾಸಿನ ಕಾಯದೆಯು ಕಮಿಶನರನ ಕೈಗೆ ವಿಶೇಷ ಅಧಿಕಾರವನ್ನು ಕೊಟ್ಟಿತು. ಗುಡಿಯ ಆಡಳಿತಗಾರನನ್ನು ಕರೆಯುವ ಹೆಸರು ಕೂಡ ಒಂದಿರಲಿಲ್ಲ. ಮೈಸೂರಿನಲ್ಲಿ ಧರ್ಮದರ್ಶಿ, ಮಂಗಳೂರಿನಲ್ಲಿ ಮೊಕ್ತೇಸರ, ಧಾರವಾಡದಲ್ಲಿ ಪಂಚರು, ಕೊಡಗಿನಲ್ಲಿ ದೇವತಕ್ಕ. ಹೆಸರುಗಳು ಬೇರೆಯಾಗಿದ್ದರೆ ನಮಗೆ ಸಂತೋಷವೇ, ಅದು ನಾಡಿನ ಸಿರಿ. ಆದರೆ ಒಂದೇ ತಪ್ಪಿಗೆ ಹುಬ್ಬಳ್ಳಿಯಲ್ಲಿ ಒಂದು ವಿಚಾರಣೆ, ಕುಂದಾಪುರದಲ್ಲಿ ಇನ್ನೊಂದು ವಿಚಾರಣೆ ಆಗುವದು ಸಿರಿಯಲ್ಲ.

ಉಡುಪಿಯ ಅಷ್ಟಮಠಗಳಲ್ಲೊಂದಾದ ಅದಮಾರು ಮಠದ ಸ್ವಾಮಿಗಳು ಈ ಪ್ರಶ್ನೆಯನ್ನೇ ಎತ್ತಿಕೊಂಡು ಸುಪ್ರೀಮ್ ಕೋರ್ಟಿನ ವರೆಗೆ ಹೋದರು. ನಮ್ಮ ಜಿಲ್ಲೆಗೆ ಒಂದು ಕಾಯದೆ, ಉಳಿದ ಜಿಲ್ಲೆಗಳಿಗೆ ಇನ್ನೊಂದು ಕಾಯದೆ, ಇದೆಲ್ಲಿಯ ಸಮಾನತೆ ಎಂಬದೇ ಅವರ ವಾದವಾಗಿದ್ದಿತು. 1979ರಲ್ಲಿ ಕೋರ್ಟು ಕೊಟ್ಟ ಉತ್ತರವು ಮನನೀಯವಾದುದು. ಪುನರ್ಘಟನೆಯ ಸಂಧಿಕಾಲದಲ್ಲಿ ಇಂಥ ಭೇದವು ಸಹ್ಯ; ಆದರೆ ತಾತ್ಕಾಲಿಕವೆಂದು ಒಪ್ಪಿದ್ದನ್ನು ಎಂದೆಂದಿಗೂ ನಡಿಸಲಾಗದು; ರಾಜ್ಯಸರಕಾರವು ಬೇಗನೆ ಸಮಾನವಾದ ಕಾಯದೆಯನ್ನು ತರಬೇಕು, ಎಂಬದು ಅದರ ಸಾರ. ಆ ಎಚ್ಚರಿಕೆಯ ಬಳಿಕವೂ ನಮ್ಮ ಸರಕಾರಗಳು ಇಪ್ಪತ್ತನಾಲ್ಕು ವರುಷ ನಿದ್ದೆ ಮಾಡಿದವು. ಕಡೆಗೆ 1997ರ ಹೆಸರಿನ ಕಾಯದೆಯು 2001ರಲ್ಲಿ ಒಪ್ಪಿಗೆ ಪಡೆದು 2003ರಲ್ಲಿ ಜಾರಿಗೆ ಬಂದಿತು. ಮೂರೇ ವರುಷಕ್ಕೆ, 2006ರ ಸಪ್ಟೆಂಬರದಲ್ಲಿ, ನಮ್ಮ ಹೈಕೋರ್ಟು ಅದನ್ನು ಸಂವಿಧಾನಕ್ಕೆ ವಿರುದ್ಧವೆಂದು ತಳ್ಳಿಹಾಕಿತು. ಸುಪ್ರೀಮ್ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. 2011ರಲ್ಲಿ ಕಾಯದೆಗೆ ದೊಡ್ಡ ತಿದ್ದುಪಡಿಯಾಯಿತು. ಹೀಗೆ ಅರ್ಧ ಶತಮಾನ ಕಾದು ಪಡೆದ ಒಂದು ಕಾಯದೆಯೂ ಗಟ್ಟಿ ನೆಲದ ಮೇಲೆ ನಿಲ್ಲಲಿಲ್ಲ.

ಯಾಕೆ ಹೀಗಾಯಿತು? ಕಾಯದೆಯನ್ನು ಒಂದು ಮಾಡಬೇಕೆಂಬ ಅವಸರದಲ್ಲಿ, ಅದು ಯಾವ ತತ್ವದ ಮೇಲೆ ಒಂದಾಗಬೇಕೆಂಬದನ್ನು ನಾವು ನಿರ್ಣಯಿಸಿಕೊಳ್ಳಲಿಲ್ಲ ಎಂಬದೇ ನಮ್ಮ ಉತ್ತರ. ಗುಡಿಗೆ ಮೂರು ಸ್ಥಾನಗಳುಂಟು: ಬಾಗಿಲು, ಗರ್ಭಗುಡಿ, ಹುಂಡಿ. ಈ ಮೂರರಲ್ಲಿ ಸರಕಾರದ ಕೈ ಎಲ್ಲಿ ಬೇಕು, ಎಲ್ಲಿ ಬೇಡ ಎಂಬದನ್ನು ತಿಳಿದರೆ ಸಕಲವೂ ತಿಳಿದಂತೆ. ವಿಶೇಷವೇನೆಂದರೆ, ಈ ವಿಷಯವನ್ನು ಇಡಿಯ ಭಾರತಕ್ಕೆ ಕಲಿಸಿದ ವ್ಯಾಜ್ಯಗಳು ನಮ್ಮ ಕರಾವಳಿಯ ಮಣ್ಣಿನಿಂದಲೇ ಎದ್ದವು.

ಮೊದಲು ಗರ್ಭಗುಡಿಯ ಮಾತು. ಉಡುಪಿಯ ಶೀರೂರು ಮಠದ ಸ್ವಾಮಿಗಳಿಗೆ 1931ರಲ್ಲಿ ಮೊದಲನೆಯ ಪರ್ಯಾಯವೂ, 1946ರಲ್ಲಿ ಎರಡನೆಯದೂ ಬಂದಿತು. ಎರಡು ವರುಷ ಕೃಷ್ಣನ ಪೂಜೆಯನ್ನೂ, ಬಂದವರ ಅನ್ನಸಂತರ್ಪಣೆಯನ್ನೂ ಹೊತ್ತು ನಡಿಸುವದೆಂದರೆ ಸಾಮಾನ್ಯ ಖರ್ಚಲ್ಲ. ಯುದ್ಧದ ಮರುವರುಷದ ತುಟ್ಟಿಯ ಕಾಲದಲ್ಲಿ ಮಠದ ಸಾಲವು ಲಕ್ಷ ರೂಪಾಯಿಯ ಸಮೀಪಕ್ಕೆ ಹೋಯಿತು. ಅದನ್ನೇ ಕಾರಣ ಮಾಡಿಕೊಂಡು ಮದರಾಸಿನ ಅಧಿಕಾರಿಗಳು ಮಠದ ಆಡಳಿತಕ್ಕೆ ತಮ್ಮದೊಂದು ಯೋಜನೆಯನ್ನು ಹಾಕಹೊರಟರು. ಸ್ವಾಮಿಗಳು ಕೋರ್ಟಿಗೆ ಹೋದರು. 1954ರಲ್ಲಿ ನ್ಯಾಯಮೂರ್ತಿ ಬಿಜನ್ ಕುಮಾರ ಮುಖರ್ಜಿಯವರು ಬರೆದ ತೀರ್ಪು ಇಂದಿಗೂ ಈ ವಿಷಯದ ಮೂಲಗ್ರಂಥದಂತಿದೆ. ಒಂದು ಧರ್ಮಕ್ಕೆ ಯಾವದು ಅವಶ್ಯಕವಾದ ಆಚಾರವೆಂಬದನ್ನು ಆ ಧರ್ಮದ ಸಿದ್ಧಾಂತದಿಂದಲೇ ತಿಳಿಯಬೇಕು, ಹೊರಗಿನ ಅಧಿಕಾರಿಯು ಅದನ್ನು ಗೊತ್ತುಮಾಡಲಾರನು. ಆಸ್ತಿಯ ಆಡಳಿತವು ಮಾತ್ರ ಕಾಯದೆಯ ಕಟ್ಟಿಗೆ ಒಳಗಾಗಬಹುದು ಎಂದು ಅದು ಸಾರಿತು. ಯಾವ ಹೊತ್ತಿಗೆ ಯಾವ ಪೂಜೆ, ಯಾವ ನೈವೇದ್ಯ, ಯಾವ ಮಂತ್ರ ಎಂಬದನ್ನು ಕಚೇರಿಯ ಹುಕುಮಿನಿಂದ ನಡಿಸಬಾರದೆಂಬ ಈ ತತ್ವಕ್ಕೆ ನಮ್ಮ ಪೂರ್ಣ ಸಮ್ಮತಿಯಿದೆ.

ಆದರೆ ಗರ್ಭಗುಡಿಯ ಸ್ವಾತಂತ್ರ್ಯವನ್ನು ಬಾಗಿಲ ವರೆಗೆ ಎಳೆದು ತರುವವರೂ ಉಂಟು. ಮೂಲ್ಕಿಯ ವೆಂಕಟರಮಣ ದೇವಸ್ಥಾನದ ವ್ಯಾಜ್ಯವು ಅದೇ. 1947ರಲ್ಲಿ ಮದರಾಸು, ಮುಂಬಯಿ ಸರಕಾರಗಳೂ, 1948ರಲ್ಲಿ ಮೈಸೂರು ಸರಕಾರವೂ ದೇವಾಲಯ ಪ್ರವೇಶದ ಕಾಯದೆಗಳನ್ನು ಮಾಡಿ, ಯಾವ ಜಾತಿಯಲ್ಲಿ ಹುಟ್ಟಿದ ಹಿಂದುವಿಗಾದರೂ ಗುಡಿಯ ಬಾಗಿಲು ತೆರೆದಿರತಕ್ಕದ್ದೆಂದು ವಿಧಿಸಿದವು. ಮೂಲ್ಕಿಯ ಗುಡಿಯವರು ತಮ್ಮದು ಗೌಡ ಸಾರಸ್ವತ ಬ್ರಾಹ್ಮಣರ ಸಾಂಪ್ರದಾಯಿಕ ಗುಡಿಯಾದುದರಿಂದ ಆ ಕಾಯದೆಯು ತಮಗೆ ತಗಲದೆಂದು ವಾದಿಸಿದರು. ಈ ವ್ಯಾಜ್ಯವನ್ನು ಹೂಡಿದಾಗ ಪ್ರತಿವಾದಿಯು ಮದರಾಸು ಸರಕಾರ. 1957ರ ನವೆಂಬರದಲ್ಲಿ ತೀರ್ಪು ಹೊರಬಿದ್ದಾಗ ಪ್ರತಿವಾದಿಯು ಮೈಸೂರು ರಾಜ್ಯ! ಏಕೀಕರಣದ ಇತಿಹಾಸವು ಒಂದು ಕೋರ್ಟಿನ ಕಾಗದದ ಶಿರೋನಾಮೆಯಲ್ಲಿಯೂ ಬರೆಯಲ್ಪಟ್ಟಿದೆ. ಕೋರ್ಟು ಎರಡೂ ಮಾತನ್ನು ತೂಗಿ ನೋಡಿತು. ಅದು ಒಂದು ಸಂಪ್ರದಾಯದವರ ಗುಡಿಯೇ ಹೌದೆಂದು ಒಪ್ಪಿ, ಕೆಲವು ವಿಶೇಷ ಸೇವೆಗಳ ಹೊತ್ತಿನಲ್ಲಿ ಆ ಸಂಪ್ರದಾಯದವರಷ್ಟೇ ಇರಬಹುದೆಂದಿತು. ಆದರೆ ಉಳಿದ ಹೊತ್ತಿನಲ್ಲಿ ಸಾರ್ವಜನಿಕ ಗುಡಿಯ ಬಾಗಿಲನ್ನು ಯಾವ ಹಿಂದುವಿಗೂ ಮುಚ್ಚಲಾಗದೆಂದು ಖಂಡಿತವಾಗಿ ನುಡಿಯಿತು.

ಬಾಗಿಲ ವಿಷಯದಲ್ಲಿ ಸರಕಾರದ ಕೈ ಬೇಕೇ ಬೇಕು. ಮತ್ತು ಆ ಕೈ ನಡುಗಬಾರದು. ಕಾಯದೆಯ ಪುಸ್ತಕದಲ್ಲಿ ತೆರೆದ ಬಾಗಿಲು ಊರಿನಲ್ಲಿ ತೆರೆದಿದೆಯೇ? ದಲಿತ ಬಂಧುಗಳು ಪೋಲೀಸರ ಕಾವಲಿನಲ್ಲಿ ಗುಡಿಯ ಮೆಟ್ಟಿಲು ಹತ್ತಬೇಕಾಗಿ ಬರುವ ವರ್ತಮಾನಗಳನ್ನು ನಾವು ಇಂದಿಗೂ ಓದುತ್ತಿದ್ದೇವೆ. ಅಸ್ಪೃಶ್ಯತೆಯ ಅಪರಾಧದ 1955ರ ಕಾಯದೆಯಲ್ಲಿ, 1976ರ ತಿದ್ದುಪಡಿಯ ತರುವಾಯ, ಗುಡಿಯೊಳಗೆ ಬರಗೊಡದವನಿಗೆ ಇರುವ ದಂಡವು 100ರಿಂದ 500 ರೂಪಾಯಿ, ಸೆರೆಯು ಒಂದರಿಂದ ಆರು ತಿಂಗಳು. 1989ರ ದೌರ್ಜನ್ಯ ನಿವಾರಣೆಯ ಕಾಯದೆಯು ಇದಕ್ಕಿಂತ ಕಠಿಣವಾದುದು. ಆದರೆ ಸಾಕ್ಷಿ ಹೇಳುವವನು ನಾಳೆ ಅದೇ ಊರಿನಲ್ಲಿ ಬಾಳಬೇಕಷ್ಟೆ? ಏಕೀಕರಣಕ್ಕಾಗಿ ಕೂಗಿದ ನಾವು ಗಡಿಯಾಚೆಯ ಕನ್ನಡಿಗನನ್ನು ಅಣ್ಣನೆಂದು ಕರೆದು, ಊರಾಚೆಯ ಕೇರಿಯ ಕನ್ನಡಿಗನನ್ನು ಹೊಸ್ತಿಲ ಹೊರಗೆ ನಿಲ್ಲಿಸಿದರೆ ನಮ್ಮ ಕೂಗು ಬರಿಯ ಗಂಟಲಿನದೆನಿಸುವದು.

ಇನ್ನು ಹುಂಡಿಯ ಮಾತು. ಇಂದಿನ ಜಗಳಗಳಲ್ಲಿ ಬಹುಪಾಲು ಇಲ್ಲಿಯೇ ಹುಟ್ಟುತ್ತವೆ. ಭಕ್ತನು ಹಾಕಿದ ಕಾಣಿಕೆಯಲ್ಲಿ ಸರಕಾರಕ್ಕೆ ಏನು ಪಾಲು ಎಂದು ಒಂದು ಪಕ್ಷದವರು ಕೇಳುತ್ತಾರೆ. ಬಡ ಗುಡಿಗಳನ್ನು ಸಾಕುವವರಾರು ಎಂದು ಇನ್ನೊಂದು ಪಕ್ಷದವರು ಮರುಪ್ರಶ್ನೆ ಹಾಕುತ್ತಾರೆ. ಇಬ್ಬರಿಗೂ ನಮ್ಮ ನಾಡಿನದೇ ಒಂದು ಶಾಸನವನ್ನು ನಾವು ತೋರಿಸಬಯಸುತ್ತೇವೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಕಲಹ ಬಂದಾಗ ವಿಜಯನಗರದ ಬುಕ್ಕರಾಯನು ಇಬ್ಬರ ಕೈಯನ್ನೂ ಕೂಡಿಸಿ ಮಾಡಿದ ತೀರ್ಮಾನವು ಶ್ರವಣಬೆಳಗೊಳದ ಕಲ್ಲಿನಲ್ಲಿದೆ. ರಾಜ್ಯದ ಜೈನರ ಮನೆಯೊಂದಕ್ಕೆ ವರುಷಕ್ಕೆ ಒಂದು ಹಣವನ್ನು ಎತ್ತತಕ್ಕದ್ದು. ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ಇಡತಕ್ಕದ್ದು. ಮಿಕ್ಕ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸತಕ್ಕದ್ದು. ಈ ಕೆಲಸವು ತಿರುಮಲೆಯ ತಾತಯ್ಯನ ಪಾಲಿನದು. ಇದರಲ್ಲಿ ಕೊಡುವವರ ಸಮ್ಮತಿಯುಂಟು, ಎಷ್ಟೆಂಬ ಮಿತಿಯುಂಟು, ಯಾತಕ್ಕೆಂಬ ಉದ್ದೇಶವುಂಟು, ಯಾರು ಹೊಣೆಯೆಂಬ ಗೊತ್ತುಂಟು. ಬುಕ್ಕರಾಯನ ಬೊಕ್ಕಸಕ್ಕೆ ಅದರಲ್ಲಿ ಒಂದು ಕಾಸೂ ಇಲ್ಲ.

ಶೀರೂರಿನ ತೀರ್ಪು ಆರು ನೂರು ವರುಷಗಳ ಬಳಿಕ ಬೇರೆ ಮಾತಿನಲ್ಲಿ ಇದನ್ನೇ ಹೇಳಿತು. ಮದರಾಸಿನ ಕಾಯದೆಯು ಮಠಗುಡಿಗಳ ಉತ್ಪನ್ನದಲ್ಲಿ ನೂರಕ್ಕೆ 5ರ ವರೆಗೆ ವಂತಿಗೆಯನ್ನು ಎತ್ತುತ್ತಿದ್ದಿತು. ಆ ಹಣವು ಸರಕಾರದ ಸಾಮಾನ್ಯ ಬೊಕ್ಕಸದಲ್ಲಿ ಬೆರೆತುಹೋಗುತ್ತಿದ್ದಿತು. ಕೊಟ್ಟ ಹಣಕ್ಕೂ ಪಡೆದ ಸೇವೆಗೂ ಸಂಬಂಧವೇ ಇರಲಿಲ್ಲ. ಆದುದರಿಂದ ಅದು ಸೇವೆಯ ಶುಲ್ಕವಲ್ಲ, ಕರವೇ ಸರಿ. ಅಂಥ ಕರವನ್ನು ಹೇರುವ ಅಧಿಕಾರವು ಪ್ರಾಂತದ ಶಾಸನಸಭೆಗೆ ಇಲ್ಲವೆಂದು ಕೋರ್ಟು ಅದನ್ನು ಹೊಡೆದುಹಾಕಿತು. ನಮ್ಮ ಈಗಿನ ಕಾಯದೆಯು ಆ ತಪ್ಪನ್ನು ತಪ್ಪಿಸುವದಕ್ಕೆಂದೇ ಸಾಮಾನ್ಯ ಸಂಗ್ರಹಣಾ ನಿಧಿಯೆಂಬ ಬೇರೆ ನಿಧಿಯನ್ನು ಕಟ್ಟಿತು. 2011ರ ತಿದ್ದುಪಡಿಯಿಂದ ಧಾರ್ಮಿಕ ಪರಿಷತ್ತುಗಳು ಹುಟ್ಟಿದವು. ದೊಡ್ಡ ಉತ್ಪನ್ನದ ಗುಡಿಗಳಿಂದ ಪಡೆದು ಚಿಕ್ಕ ಗುಡಿಗಳಿಗೆ ಕೊಡುವದೇ ಈ ನಿಧಿಯ ಉದ್ದೇಶ. 2024ರ ಫೆಬ್ರವರಿಯಲ್ಲಿ, ವರುಷಕ್ಕೆ ಒಂದು ಕೋಟಿ ರೂಪಾಯಿಗೆ ಮೀರಿದ ಗುಡಿಗಳಿಂದ ನೂರಕ್ಕೆ 10ನ್ನೂ, ಹತ್ತು ಲಕ್ಷದಿಂದ ಕೋಟಿಯ ವರೆಗಿನವುಗಳಿಂದ ನೂರಕ್ಕೆ 5ನ್ನೂ ಪಡೆಯಬೇಕೆಂಬ ಮಸೂದೆಯು ಬಂದಾಗ ನಾಡೆಲ್ಲ ಕೋಲಾಹಲವಾಯಿತು. ವಿಧಾನ ಪರಿಷತ್ತಿನಲ್ಲಿ ಅದು ಒಮ್ಮೆ ಬಿದ್ದು, ಮರಳಿ ಮಂಡಿತವಾಗಿ, ಉಭಯ ಸಭೆಗಳ ಒಪ್ಪಿಗೆ ಪಡೆದು, ರಾಜ್ಯಪಾಲರ ಕಡೆಯಿಂದ ಹಿಂದಿರುಗಿ ಬಂದಿತು. ಆ ಕೋಲಾಹಲದಲ್ಲಿ ನೂರಕ್ಕೆ ಎಷ್ಟೆಂಬದನ್ನು ಎಲ್ಲರೂ ಕೇಳಿದರು. ಈ ವರೆಗೆ ಕೂಡಿದ್ದು ಯಾವ ಊರಿನ ಯಾವ ಗುಡಿಯ ಗೋಡೆಗೆ ಸುಣ್ಣವಾಯಿತೆಂಬದನ್ನು ಕೇಳಿದವರು ವಿರಳ.

ನಮ್ಮ ಚಿತ್ತವು ಆ ಚಿಕ್ಕ ಗುಡಿಗಳ ಕಡೆಗಿದೆ. ರಾಜ್ಯದ ಮುಜರಾಯಿ ಗುಡಿಗಳು 34 ಸಾವಿರಕ್ಕೂ ಮಿಕ್ಕಿವೆ. ಅವುಗಳಲ್ಲಿ ಹೆಚ್ಚು ಉತ್ಪನ್ನದ ಎರಡು ದರ್ಜೆಗಳವು ಕೂಡಿ ಸುಮಾರು ನಾನೂರು. ಉಳಿದವೆಲ್ಲ ವರುಷಕ್ಕೆ ಐದು ಲಕ್ಷಕ್ಕಿಂತ ಕಡಿಮೆ ಉತ್ಪನ್ನದವು. ಎಷ್ಟೋ ಗುಡಿಗಳಲ್ಲಿ ಹುಂಡಿಗೆ ಬೀಗವೇ ಬೇಕಾಗಿಲ್ಲ. ಇವು ಹುಟ್ಟಾ ಬಡವರಲ್ಲ. ಇವಕ್ಕೆ ರಾಜರೂ ಊರ ಮಹಾಜನರೂ ಬಿಟ್ಟ ಇನಾಮು ಭೂಮಿಗಳಿದ್ದವು. ಮೈಸೂರಿನಲ್ಲಿ 1955ರ ಕಾಯದೆಯು ಧಾರ್ಮಿಕ ಇನಾಮುಗಳನ್ನು ರದ್ದುಮಾಡಿತು. 1974ರ ಭೂಸುಧಾರಣೆಯು ಗೇಣಿಯ ಭೂಮಿಯನ್ನು ಒಕ್ಕಲಿಗೆ ಕೊಟ್ಟಿತು. ಬೆವರು ಸುರಿಸಿದವನಿಗೆ ಭೂಮಿ ಹೋದುದು ನ್ಯಾಯವೇ. ಅದಕ್ಕಾಗಿ ನಾವು ಮರುಗುವದಿಲ್ಲ. ಆದರೆ ಇನಾಮಿಗೆ ಬದಲಾಗಿ ಸರಕಾರವು ಕೊಡಲೊಪ್ಪಿದ ತಸ್ತೀಕು ದಾನವಲ್ಲ, ಸಾಲ. ತಲತಲಾಂತರದಿಂದ ನಂದಾದೀಪಕ್ಕೆ ಎಣ್ಣೆ ಹಾಕಿದ ಅರ್ಚಕನು ಆ ಅಲ್ಪ ಮೊತ್ತಕ್ಕಾಗಿ ತಾಲೂಕು ಕಚೇರಿಯ ಜಗಲಿಯಲ್ಲಿ ತಿಂಗಳುಗಟ್ಟಲೆ ಕಾಯುವದು ಸಾಲಗಾರನು ಸಾಲಕೊಟ್ಟವನನ್ನು ಬಾಗಿಲಲ್ಲಿ ನಿಲ್ಲಿಸಿದಂತೆಯೇ ಸರಿ.

ಸರಕಾರವು ಗುಡಿಗಳಿಂದ ಪೂರ್ಣವಾಗಿ ಹೊರಬೀಳಲಿ, ಎಲ್ಲವೂ ಸರಿಯಾಗುವದು ಎಂಬ ಕೂಗನ್ನೂ ನಾವು ಕೇಳಿದ್ದೇವೆ. ಈ ಪ್ರಯೋಗವೂ ಒಮ್ಮೆ ಆಗಿಹೋಗಿದೆ. 1817ರಲ್ಲಿ ಮದರಾಸಿನ ಗುಡಿಗಳ ಮೇಲ್ವಿಚಾರಣೆಯನ್ನು ಹೊತ್ತುಕೊಂಡ ಕಂಪನಿ ಸರಕಾರವು, ಕ್ರೈಸ್ತ ರಾಜ್ಯಕ್ಕೆ ಮೂರ್ತಿಪೂಜೆಯ ಸಂಬಂಧವೇಕೆಂದು ಪಾದ್ರಿಗಳು ಆಕ್ಷೇಪಿಸಿದ್ದರಿಂದ ಮೆಲ್ಲನೆ ಹಿಂದೆಗೆಯಿತು. ಬ್ರಿಟಿಶ್ ಸರಕಾರವು 1863ರ ಕಾಯದೆಯಿಂದ ಗುಡಿಗಳನ್ನು ವಿಶ್ವಸ್ತರ ಕೈಗೊಪ್ಪಿಸಿತು. ಆಮೇಲಾದುದೇನು? ಕೇಳುವವರಿಲ್ಲದ ಕಡೆ ಕಾಯುವವನೇ ಮೇಯ್ದನು. ಬೇಸತ್ತ ಹಿಂದೂ ಜನರೇ ಕಾಯದೆ ಬೇಕೆಂದು ಕೇಳಿದರು. ಆದುದರಿಂದಲೇ ಪಾನಗಲ್ ರಾಜರ ಮಂತ್ರಿಮಂಡಲವು 1925ರಲ್ಲಿ ಮದರಾಸಿನಲ್ಲಿ ಆ ಕೆಲಸಕ್ಕೆ ಕೈಹಾಕಿತು. ಹಿಂದು ಗುಡಿಗಳಿಂದ ಮಾತ್ರ ವಂತಿಗೆ ಪಡೆಯುತ್ತಾರೆಂಬ ಮಾತೂ ಪೂರ್ಣ ನಿಜವಲ್ಲ. 1995ರ ವಕ್ಫ್ ಕಾಯದೆಯು ವಕ್ಫ್ ಸಂಸ್ಥೆಗಳಿಂದ ನೂರಕ್ಕೆ 7ರ ವರೆಗೆ ವಂತಿಗೆಯನ್ನು ವಿಧಿಸಿದ್ದಿತು, 2025ರ ತಿದ್ದುಪಡಿಯು ಅದನ್ನು 5ಕ್ಕೆ ಇಳಿಸಿತು. ದೂರುವದಿದ್ದರೆ ಸತ್ಯವನ್ನು ಹಿಡಿದು ದೂರೋಣ.

ಆದರೆ ಸರಕಾರದ ಮನಬಂದಂತೆ ನಡೆಯುವದಕ್ಕೂ ನಾವು ಒಪ್ಪುವವರಲ್ಲ. ಗೋಕರ್ಣದ ಗುಡಿಯನ್ನು 2008ರಲ್ಲಿ ಸರಕಾರವು ತನ್ನ ಪಟ್ಟಿಯಿಂದ ತೆಗೆದು ಒಂದು ಮಠಕ್ಕೆ ಒಪ್ಪಿಸಿತು. 2018ರಲ್ಲಿ ಹೈಕೋರ್ಟು ಅದನ್ನು ರದ್ದುಮಾಡಿತು. 2021ರಲ್ಲಿ ಸುಪ್ರೀಮ್ ಕೋರ್ಟು ನ್ಯಾಯಮೂರ್ತಿ ಶ್ರೀಕೃಷ್ಣರ ಅಧ್ಯಕ್ಷತೆಯಲ್ಲಿ ಒಂದು ಮಧ್ಯಂತರ ಸಮಿತಿಯನ್ನು ಕೂಡಿಸಿತು. ಸಹಸ್ರಾರು ವರುಷ ಜನರು ನಡೆದುಬಂದ ಕ್ಷೇತ್ರದ ಆಡಳಿತವು ಹೀಗೆ ಹದಿಮೂರು ವರುಷ ತೂಗುಯ್ಯಾಲೆಯಲ್ಲಿರುವದು ಯಾರಿಗೂ ಶೋಭಿಸದು.

ನಾವು ಕೇಳುವದು ದೊಡ್ಡದೇನಲ್ಲ. ಪ್ರತಿಯೊಂದು ಸಾರ್ವಜನಿಕ ಗುಡಿಯ ವರುಷದ ಜಮಾಖರ್ಚನ್ನು ಶುದ್ಧ ಕನ್ನಡದಲ್ಲಿ ಬರೆದು ಗುಡಿಯ ಗೋಡೆಗೆ ಹಚ್ಚಲಿ. ಜಾತ್ರೆಯ ದಿನ ಊರ ಮುಂದೆ ಓದಿಹೇಳಲಿ. ನಿಧಿಗೆ ಕೊಟ್ಟ ಗುಡಿಗೆ, ತನ್ನ ಹಣವು ಯಾವ ಗುಡಿಯನ್ನು ಸೇರಿತೆಂಬ ಉತ್ತರವು ಬರಲಿ. ವ್ಯವಸ್ಥಾಪನಾ ಸಮಿತಿಯಲ್ಲಿ ಅರ್ಚಕನೂ, ಪರಿಶಿಷ್ಟ ಜಾತಿ ಪಂಗಡದವರೂ, ಇಬ್ಬರು ಸ್ತ್ರೀಯರೂ ಇರಬೇಕೆಂದು ಕಾಯದೆಯು ಹೇಳುತ್ತದೆ. ಆ ಸ್ಥಾನಗಳು ಚುನಾವಣೆಯಲ್ಲಿ ದುಡಿದವರಿಗೆ ಹಂಚುವ ಪ್ರಸಾದವಾಗದಿರಲಿ. ತಸ್ತೀಕು ವರುಷದ ಮೊದಲ ತಿಂಗಳಲ್ಲಿಯೇ ಕೈಸೇರಲಿ. ಬಾಗಿಲು ಮುಚ್ಚಿದ ಊರಿನಲ್ಲಿ ಜಿಲ್ಲಾಧಿಕಾರಿಯು ತಾನೇ ಹೋಗಿ ನಿಂತು ತೆರೆಸಲಿ.

ನಮ್ಮ ಹಿರಿಯರು ದತ್ತಿಯ ಶಾಸನವನ್ನು ಕಲ್ಲಿನ ಮೇಲೆ ಕೆತ್ತಿ ಊರ ನಡುವೆ ನೆಟ್ಟರು. ಕೊಟ್ಟದ್ದೆಷ್ಟು, ಯಾತಕ್ಕೆ ಎಂಬದನ್ನು ಬಂದುಹೋಗುವವರೆಲ್ಲ ನೋಡಲೆಂಬದೇ ಅದರ ಅರ್ಥ. ದೇವರ ಸೊತ್ತನ್ನು ಕದ್ದವನಿಗೆ ಅವರು ಹಾಕಿದ ಶಾಪವೂ ಅದೇ ಕಲ್ಲಿನ ಕೊನೆಯಲ್ಲಿದೆ. ಅಂಥ ಕಲ್ಲುಗಳು ಕಾವೇರಿಯಿಂದ ಗೋದಾವರಿಯ ವರೆಗೆ ಒಂದೇ ಭಾಷೆಯಲ್ಲಿ ಮಾತನಾಡಿದವು. ಐದು ಕಾಯದೆಗಳನ್ನು ಒಂದು ಮಾಡಿದ ನಮ್ಮ ಸರಕಾರವು ಇನ್ನಾದರೂ ಆ ಕಲ್ಲುಗಳಂತೆ ಬಯಲಿನಲ್ಲಿ ನಿಂತು ಲೆಕ್ಕ ಹೇಳಲಿ. ಅದನ್ನು ಕೇಳುವ ಎದೆಗಾರಿಕೆಯು ಪ್ರತಿಯೊಂದು ಊರಿನ ಕನ್ನಡಿಗರಿಗೂ ಬರಲಿ.